ಹೊನ್ನಿಯ ಕೈಮಾತು

ವರದಾ ನದಿಯ ದಡದಲ್ಲಿ ಅಗ್ಗಳಯ್ಯನವರ ಆಶ್ರಮವಿತ್ತು. ಅವರ ಶಿಷ್ಯರಲ್ಲಿ ಕೇತಯ್ಯ ಮಾತು ಬಲ್ಲವನು. ವ್ಯಾಕರಣವೆಲ್ಲ ಅವನ ನಾಲಿಗೆಯ ತುದಿಯಲ್ಲಿ.

ಒಂದು ಮಧ್ಯಾಹ್ನ ಅವನು ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಬಟ್ಟೆ ರಕ್ತದಲ್ಲಿ ನೆನೆದಿತ್ತು.

“ಏನಾಯಿತು?” ಎಂದರು ಗುರುಗಳು.

“ಮಡಿವಾಳರ ಮಾದವ್ವನ ಮಗಳು ಕಚ್ಚಿದಳು.”

ಮಾದವ್ವನ ಮಗಳು ಹೊನ್ನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಕೇಳದ್ದರಿಂದ ಮಾತೂ ಬಂದಿರಲಿಲ್ಲ. ಅವತ್ತು ಅವಳು ನದಿಯ ನಡುವಿನ ಮರಳ ದಿಬ್ಬದ ಮೇಲೆ ತೇಲಿಬಂದ ಸೌದೆ ಆರಿಸುತ್ತಿದ್ದಳು. ಮೇಲೆಲ್ಲೋ ಮಳೆಯಾಗಿ ನೀರು ಏರತೊಡಗಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಕೂಗಿದರು. ಮಾದವ್ವ ಗಂಟಲು ಹರಿಯುವಂತೆ ಕೂಗಿದಳು. ಹೊನ್ನಿ ಇತ್ತ ಬೆನ್ನು ಹಾಕಿ ಸೌದೆ ಆರಿಸುತ್ತಲೇ ಇದ್ದಳು.

ಕೇತಯ್ಯ ನೀರಿಗಿಳಿದು ಅವಳನ್ನು ಎತ್ತಿಕೊಂಡ. ಗುರುತಿಲ್ಲದವನೊಬ್ಬ ಹಿಂದಿನಿಂದ ಬಂದು ಹೊತ್ತುಕೊಂಡು ಹೋಗುತ್ತಿದ್ದಾನೆಂದು ಹೆದರಿ ಅವಳು ಅವನ ಮುಂಗೈಗೆ ಹಲ್ಲು ಊರಿದಳು. ದಡ ಮುಟ್ಟುವವರೆಗೂ ಬಿಡಲಿಲ್ಲ.

“ನೋವಾಯಿತೆಂದು ಹೇಳುತ್ತಿಲ್ಲ ಗುರುಗಳೇ,” ಎಂದ ಕೇತಯ್ಯ. “ಅವಳು ಈಗಲೂ ನನ್ನನ್ನು ಮಕ್ಕಳ ಕಳ್ಳ ಅಂದುಕೊಂಡಿದ್ದಾಳೆ. ಅಲ್ಲ ಅಂತ ಹೇಳೋಣವೆಂದರೆ, ಇಷ್ಟು ಓದಿದ ನನ್ನ ಹತ್ತಿರ ಒಂದು ಮಾತಿಲ್ಲ.”

ಗುರುಗಳು ಗಾಯಕ್ಕೆ ಅರಿಶಿನ ಹಚ್ಚಿದರು.

“ಒಂದು ಭಾಷೆ ಕಟ್ಟುತ್ತೇನೆ,” ಎಂದ ಕೇತಯ್ಯ. “ಕೈಯಲ್ಲಿ ಆಡುವ ಭಾಷೆ. ನಾವು ಬಾಯಲ್ಲಿ ಏನೇನು ಹೇಳುತ್ತೇವೋ ಅಷ್ಟನ್ನೂ ಅವಳು ಕೈಯಲ್ಲಿ ಹೇಳುವಂತಾಗಬೇಕು.”

“ದೊಡ್ಡ ಯೋಚನೆ,” ಎಂದರು ಗುರುಗಳು. “ಕಟ್ಟು.”

ಕೇತಯ್ಯ ಹೊಂಗೆ ಮರದ ಕೆಳಗೆ ಕುಳಿತ. ಆಕಾಶಕ್ಕೊಂದು ಸನ್ನೆ, ಭೂಮಿಗೊಂದು ಸನ್ನೆ, ದಯೆಗೆ, ಧರ್ಮಕ್ಕೆ, ಆತ್ಮಕ್ಕೆ ಒಂದೊಂದು ಸನ್ನೆ ಮಾಡಿದ. ವಿಭಕ್ತಿಗಳಿಗೆ ಬೆರಳುಗಳನ್ನು ಹಂಚಿದ. ನಿನ್ನೆಯನ್ನೂ ನಾಳೆಯನ್ನೂ ಬೇರೆ ಮಾಡಲು ಮೊಣಕೈ ಬಳಸಿದ. ಒಂದು ಪದ ಮುಗಿಯಿತೆನ್ನುವಷ್ಟರಲ್ಲಿ ಅದರ ಬೆನ್ನಿಗೆ ಹತ್ತು ಪದಗಳು ಬಂದು ನಿಲ್ಲುತ್ತಿದ್ದವು. ಮಳೆಗಾಲ ಕಳೆಯಿತು. ಚಳಿ ಬಂತು. ಒಂದು ಬೆಳಿಗ್ಗೆ ದಯೆಯ ಸನ್ನೆ ಯಾವುದು, ಧರ್ಮದ ಸನ್ನೆ ಯಾವುದು ಎಂದು ಅವನಿಗೇ ಮರೆತುಹೋಯಿತು.

ಅವನು ಗುರುಗಳ ಮುಂದೆ ಬಂದು ಕುಳಿತ.

“ಇದು ನನ್ನ ಕೈಲಾಗುವ ಕೆಲಸವಲ್ಲ.”

“ಬಿಟ್ಟುಬಿಡು. ಅದರ ಬದಲು ಬೇರೊಂದು ಕೆಲಸ ಹೇಳುತ್ತೇನೆ. ಹೊನ್ನಿ ಹುಟ್ಟಿದಾಗ ಹೇಗಿದ್ದಳೋ ಕೊನೆಯವರೆಗೂ ಹಾಗೇ ಇರಬೇಕು. ಒಂದೇ ಒಂದು ಮಾತೂ ಅವಳಿಗೆ ಬರಬಾರದು. ಅದಕ್ಕೆ ಏನು ಮಾಡಬೇಕು, ಹೇಳು.”

ಕೇತಯ್ಯ ಗುರುಗಳ ಮುಖ ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ.

“ಯಾರೂ ಅವಳ ಎದುರು ಕೂರಬಾರದು,” ಎಂದ ತಡೆದು ತಡೆದು.

“ಸರಿ. ಇನ್ನು?”

“ಕೂತರೂ ಅವಳಿಗೆ ಬೇಕಾದ್ದನ್ನು ಹೇಳಿಕೊಡಬಾರದು. ಹಸಿವು, ನೀರು, ಅವ್ವ, ಇಂಥದ್ದೆಲ್ಲ ಬಿಟ್ಟು ಅವಳು ಎಂದೂ ಕಾಣದ್ದರಿಂದ ಶುರು ಮಾಡಬೇಕು.”

“ಇನ್ನು?”

“ಎಲ್ಲ ಪೂರ್ತಿಯಾಗಲಿ, ಆಮೇಲೆ ಕಲಿಸೋಣ ಅಂತ ಕಾಯುತ್ತಾ...”

ಅವನ ಕಣ್ಣು ತಾನು ಮಳೆಗಾಲವಿಡೀ ಕೂತಿದ್ದ ಹೊಂಗೆ ಮರದತ್ತ ಹೊರಳಿತು.

ಗುರುಗಳು ಎದ್ದು ಒಳಗೆ ಹೋದರು. ಜೇನುಮೇಣದಲ್ಲಿ ಅದ್ದಿದ ಹತ್ತಿ ತಂದು ಅವನ ಎರಡು ಕಿವಿಗೂ ಒತ್ತಿದರು. ಆಮೇಲೆ ತಮ್ಮ ತುಟಿಯ ಮೇಲೆ ಬೆರಳಿಟ್ಟು, ಅವನ ಕೈಗೆ ಖಾಲಿ ತಂಬಿಗೆ ಕೊಟ್ಟು, ಮಾದವ್ವನ ಮನೆಯತ್ತ ತೋರಿಸಿದರು. ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆಯತ್ತ ನೋಡಿ, ಮಜ್ಜಿಗೆ ಕಡೆಯುವಂತೆ ಕೈಯಾಡಿಸಿದರು.

ಕೇತಯ್ಯ ಹೊರಟ. ಹಕ್ಕಿಗಳು ಕೊಕ್ಕು ತೆರೆಯುತ್ತಿದ್ದವು, ಸದ್ದಿರಲಿಲ್ಲ. ಹಿಂದಿನಿಂದ ಬಂದ ಎತ್ತಿನ ಗಾಡಿ ಮೈಗೆ ತಾಗುವಷ್ಟು ಹತ್ತಿರ ಹಾದುಹೋದಾಗ ಅವನು ಬೆಚ್ಚಿ ಪಕ್ಕಕ್ಕೆ ಹಾರಿದ. ಅಲ್ಲಿಂದ ಮುಂದೆ ಹೆಜ್ಜೆಹೆಜ್ಜೆಗೂ ಹಿಂತಿರುಗಿ ನೋಡುತ್ತಾ ನಡೆದ.

ಮಾದವ್ವ ಬಾಗಿಲಿಗೆ ಬಂದಳು. ಅವನು ಗುರುಗಳು ಮಾಡಿದಂತೆಯೇ ಕೈಯಾಡಿಸಿದ. ಮಾದವ್ವ ಒಳಗೆ ಹೋಗಿ ಹಗ್ಗ ತಂದುಕೊಟ್ಟಳು. ಅವನು ತಲೆ ಅಲ್ಲಾಡಿಸಿ ಮತ್ತೆ ಕೈಯಾಡಿಸಿದ. ಅವಳು ಬೀಸುಕಲ್ಲಿನ ಗೂಟ ತಂದಳು. ಅವನು ತಂಬಿಗೆ ತೋರಿಸಿದ. ಅವಳು ನೀರು ತಂದಳು.

ಮೂಲೆಯಲ್ಲಿ ಕೂತಿದ್ದ ಹೊನ್ನಿ ಎಲ್ಲ ನೋಡುತ್ತಿದ್ದಳು. ಮೊದಲು ಅವನ ಕೈಗಳನ್ನು ಭಯದಿಂದ ನೋಡಿದಳು. ನೀರು ಬಂದಾಗ ಅವನ ಮುಖ ಸಪ್ಪಗಾದದ್ದು ಕಂಡು ಅವಳಿಗೆ ನಗು ಬಂತು. ಎದ್ದು ಬಂದು ಕುಡಿಕೆಯೊಂದನ್ನು ಎತ್ತಿ ಕುಡಿದಂತೆ ಮಾಡಿ, ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಒರೆಸಿಕೊಂಡಳು. ಕುಡಿದವರ ಮೀಸೆಗೆ ಮಜ್ಜಿಗೆ ಅಂಟುತ್ತದಲ್ಲ, ಹಾಗೆ.

ಕೇತಯ್ಯ ತನ್ನ ಮೇಲ್ದುಟಿ ಒರೆಸಿಕೊಂಡ. ಅವಳು ಹೌದೆಂದು ತಲೆಯಾಡಿಸಿದಳು.

ಮಾದವ್ವನೂ ಸುಮ್ಮನೆ ಒಮ್ಮೆ ತನ್ನ ಮೇಲ್ದುಟಿ ಒರೆಸಿಕೊಂಡು ನೋಡಿದಳು. ಆಮೇಲೆ ಮಗಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟಳು.

ಅವತ್ತಿನಿಂದ ಕೇತಯ್ಯ ದಿನವೂ ಅಲ್ಲಿಗೆ ಹೋದ. ಏನಾದರೂ ಬೇಕಾದಾಗ ಮಾತ್ರ ಅದಕ್ಕೊಂದು ಸನ್ನೆ ಹುಟ್ಟುತ್ತಿತ್ತು. ಅವನು ಒಂದು ಮಾಡುತ್ತಿದ್ದ, ಅವಳು ಅದನ್ನು ಮುರಿದು ಇನ್ನೊಂದು ಮಾಡುತ್ತಿದ್ದಳು. ‘ನೀರು ಏರುತ್ತಿದೆ’ ಎನ್ನಲು ಅವನು ಬೆರಳುಗಳನ್ನು ನಾಜೂಕಾಗಿ ಅಲೆಯಾಡಿಸಿದ. ಅವಳು ಅವನನ್ನು ನದಿಗೆ ಕರೆದೊಯ್ದು ದೂರ ನಿಲ್ಲಿಸಿ ಅದನ್ನೇ ಮಾಡಿಸಿದಳು. ಕಾಣುವುದಿಲ್ಲ ಎಂದು ತಲೆ ಅಲ್ಲಾಡಿಸಿ, ಎರಡೂ ತೋಳುಗಳನ್ನು ಮೊಣಕಾಲಿನಿಂದ ತಲೆಯ ಮೇಲಿನವರೆಗೆ ಎತ್ತಿ ತೋರಿಸಿದಳು. ಅದೇ ನಿಂತಿತು. ಒಗೆಯಲು ಬರುವವರೆಲ್ಲ ಅದನ್ನು ಕಲಿತರು. ನದಿಯಲ್ಲಿರುವಾಗ ಆಗಾಗ ದಡದತ್ತ ತಿರುಗಿ ನೋಡಬೇಕೆಂದು ಹೊನ್ನಿಯೂ ಕಲಿತಳು.

ಒಂದು ಸಂಜೆ ಅವನು ಮರಳ ದಿಬ್ಬ ತೋರಿಸಿದ. ತೋಳುಗಳನ್ನೆತ್ತಿ ನೀರು ಏರಿದ್ದು ತೋರಿಸಿದ. ತಾನು ಓಡಿದ್ದು, ಎತ್ತಿಕೊಂಡದ್ದು ತೋರಿಸಿದ. ಹೊನ್ನಿ ನದಿಯತ್ತ ತಿರುಗಿ ನೋಡಿದಳು. ಆಮೇಲೆ ಅವನ ಮುಂಗೈ ಹಿಡಿದು ತನ್ನ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದಳು.

ಊರಿನ ಮಕ್ಕಳಿಗೆ ಈ ಕೈಮಾತು ಆಟವಾಯಿತು. ದೊಡ್ಡವರಿಗೆ ತಿಳಿಯದಂತೆ ಬೀದಿಯ ಆ ತುದಿಯಿಂದ ಈ ತುದಿಗೆ ಮಾತಾಡಿಕೊಂಡರು. ಹೊನ್ನಿಗೆ ಗೆಳತಿಯರಾದರು, ಜಗಳಗಳೂ ಆದವು.

ಒಂದು ದಿನ ಕೇತಯ್ಯ ಗುರುಗಳ ಹತ್ತಿರ ಬಂದ. ಮುಖ ಬಾಡಿತ್ತು.

“ಈ ಮಕ್ಕಳು ಎಲ್ಲ ಕೆಡಿಸಿಬಿಟ್ಟರು ಗುರುಗಳೇ. ನಾನು ಹೇಳಿಕೊಟ್ಟ ಸನ್ನೆಗಳನ್ನು ಅರ್ಧಕ್ಕರ್ಧ ತಿರುಚಿದ್ದಾರೆ. ಕೆಲವನ್ನು ಬಿಟ್ಟೇಬಿಟ್ಟಿದ್ದಾರೆ.”

“ಹೂಂ.”

“ಇವತ್ತು ಹೊನ್ನಿ ಗೆಳತಿಯರಿಗೆ ಏನೋ ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಅಲ್ಲೇ ಕೂತಿದ್ದೆ. ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ನನಗೆ ಒಂದೂ ತಿಳಿಯಲಿಲ್ಲ.”

ಗುರುಗಳು ಹೊಸೆಯುತ್ತಿದ್ದ ಬತ್ತಿಯನ್ನು ಪಕ್ಕಕ್ಕಿಟ್ಟರು.

“ಹಾಗಾದರೆ ಕೇತಯ್ಯ, ಅದು ಇವತ್ತು ಭಾಷೆಯಾಯಿತು.”