ಬಾಗಿಲ ಹೊರಗೆ ನಿಂತ ಹುಡುಗಿ

“ಗುರುಗಳೇ, ಹದಿಹರೆಯದ ಮಕ್ಕಳ ಮನಸ್ಸನ್ನು ತೆರೆಸುವುದು ಹೇಗೆ?” ಎಂದು ಶಿಷ್ಯ ಕೇಳಿದ. ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವ ಹೊಣೆ ಅವನಿಗೆ ಹೊಸದಾಗಿ ಬಂದಿತ್ತು. “ನಾನು ಬುದ್ಧಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಏನಾಯಿತೆಂದು ವಿಚಾರಿಸಿದರೆ ಒಬ್ಬನೂ ಬಾಯಿ ಬಿಡುವುದಿಲ್ಲ.”

ಗುರುಗಳು ನಕ್ಕರು. ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಹೊಳೆಯ ದಡದ ಒಂದು ಊರಿನಲ್ಲಿ ರತ್ನಪ್ರಭಾ ಎಂಬ ಲೇಖಕಿ ಇದ್ದಳು. ಹೈಸ್ಕೂಲು ವಯಸ್ಸಿನ ಮಕ್ಕಳಿಗಾಗಿ ಕಾದಂಬರಿ ಬರೆಯುವುದು ಆಕೆಯ ಕೆಲಸ. ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಬರೆಯಲು ಕೂರುತ್ತಿದ್ದಳು. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಓದುವಾಗ ನಾಲಿಗೆ ತಡವರಿಸಿದ ವಾಕ್ಯವನ್ನು ಹೊಡೆದುಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಉಳಿಯುತ್ತಿದ್ದುದು ಕೆಲವೊಮ್ಮೆ ಅರ್ಧ ಪುಟ, ಕೆಲವೊಮ್ಮೆ ಏನೂ ಇಲ್ಲ.

“ದೊಡ್ಡವರಿಗೆ ಯಾವಾಗ ಬರೀತೀರಿ?” ಎಂದು ಪರಿಚಯದವರು ಕೇಳುತ್ತಿದ್ದರು.

“ಅವರು ಓದೋದಕ್ಕೆ ಶುರು ಮಾಡಲಿ, ಬರೀತೀನಿ” ಎಂದು ಆಕೆ ನಗುತ್ತಿದ್ದಳು.

ಆಕೆ ಹೊಸದೊಂದು ಕಾದಂಬರಿ ಬರೆದಳು. ಅದರಲ್ಲಿ ಒಬ್ಬ ಹುಡುಗಿ. ಸ್ವರ ಎಲ್ಲಿಂದ ಬರುತ್ತದೆಂದು ನೋಡುವ ಆಸೆಗೆ ಶಾಲೆಯ ಹಾರ್ಮೋನಿಯಂ ಬಿಚ್ಚುತ್ತಾಳೆ. ಮತ್ತೆ ಜೋಡಿಸಲು ಬರುವುದಿಲ್ಲ. ಅಪವಾದ ಅವಳ ಗೆಳತಿಯ ಮೇಲೆ ಬರುತ್ತದೆ. ಕೊನೆಯ ಅಧ್ಯಾಯದಲ್ಲಿ ಹುಡುಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತಾಳೆ. ಅವರು ಸತ್ಯದ ಮಹಿಮೆಯನ್ನು ಒಂದು ಪುಟದಷ್ಟು ವಿವರಿಸುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು ಮಕ್ಕಳಿಗೆ ಓದಿ ಹೇಳುವುದು ಆಕೆಯ ರೂಢಿ. ಅದಕ್ಕಾಗಿ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಕೋಣೆಯಲ್ಲೇ ಕೂಡುತ್ತಿದ್ದರು. ಹಾರ್ಮೋನಿಯಂ ಬಿಚ್ಚುವಾಗ ಅವರೆಲ್ಲ ಮುಂದೆ ಬಾಗಿ ಕೇಳಿದರು. ಕೊನೆಯ ಪುಟಕ್ಕೆ ಬಂದಾಗ ಅವರ ಬೆನ್ನು ಹಿಂದಕ್ಕೆ ಒರಗಿತು. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ, “ಚೆನ್ನಾಗಿದೆ ಮೇಡಂ” ಎಂದು ಚೀಲ ಎತ್ತಿಕೊಂಡರು.

ರತ್ನಪ್ರಭಾಳ ಮುಖ ಸಣ್ಣದಾಯಿತು. ಬೇಸರವಾದವರು ಮರ್ಯಾದೆಗಾಗಿ ಆಡುವ ಮಾತು ಆಕೆಗೆ ತಿಳಿಯದ್ದೇನಲ್ಲ. ಮನೆಗೆ ಹೋಗಿ ಕೊನೆಯ ಅಧ್ಯಾಯವನ್ನು ತೆಗೆದುಹಾಕಿದಳು. ಕತೆ ಈಗ ಮುಖ್ಯೋಪಾಧ್ಯಾಯರ ಬಾಗಿಲ ಮುಂದೆ ಮುಗಿಯಿತು. ಹುಡುಗಿ ಹೊರಗೆ ನಿಂತಿದ್ದಾಳೆ. ಕೈ ಎತ್ತಿದ್ದಾಳೆ. ಇನ್ನೂ ಬಾಗಿಲು ತಟ್ಟಿಲ್ಲ.

ಪ್ರಕಾಶಕ ಚನ್ನವೀರಪ್ಪನವರು ಅದನ್ನು ಓದಿ ಹೌಹಾರಿದರು. “ಏನಮ್ಮಾ ಇದು! ನೀತಿ ಎಲ್ಲಿ? ಇಂಥ ಪುಸ್ತಕ ಯಾವ ಶಾಲೆಯವರು ತಗೋತಾರೆ? ನೀತಿ ಹೇಳೋ ಪುಟ ಒಂದಾದರೂ ಇಲ್ಲದಿದ್ದರೆ ನಾನು ಅಚ್ಚು ಹಾಕಲ್ಲ.”

ಆಕೆಗೆ ಬೇರೆ ಪ್ರಕಾಶಕರಿರಲಿಲ್ಲ. ಎರಡು ವರ್ಷದ ದುಡಿಮೆ ಆ ಕಟ್ಟಿನಲ್ಲಿತ್ತು. ಆದರೂ ಆಕೆ ವಾದಿಸಲಿಲ್ಲ. “ಶನಿವಾರ ಶಾಲೆಗೆ ಬನ್ನಿ ಸಾರ್. ಆಮೇಲೆ ನೀವು ಹೇಳಿದ ಹಾಗೆ” ಎಂದಳು.

ಚನ್ನವೀರಪ್ಪನವರು ಬಂದರು. ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತರು. ಲೇಖಕಿ ಹೊಸ ಮುಕ್ತಾಯವನ್ನು ಓದಿ ನಿಲ್ಲಿಸಿದಳು.

“ಆಮೇಲೆ?” ಎಂದಿತು ತರಗತಿ.

“ಅಷ್ಟೇ.”

ಗದ್ದಲ ಎದ್ದಿತು. ಹೇಳಿದರೆ ಶಾಲೆಯಿಂದ ತೆಗೆದುಹಾಕುತ್ತಾರೆ ಎಂದ ಒಬ್ಬ. ಗೆಳತಿಗೆ ಬೈಗುಳ ತಿನ್ನಿಸಿ ಊಟ ಹೇಗೆ ಸೇರುತ್ತದೆ ಎಂದಳು ಇನ್ನೊಬ್ಬಳು. ಇಲಿ ಕಡಿದಿದೆ ಎಂದುಬಿಡಬಹುದಿತ್ತು ಎಂದ ಮತ್ತೊಬ್ಬ. ಇಲಿಗೆ ತಿರುಪು ಬಿಚ್ಚಲು ಬರುತ್ತದೆಯೇ ಎಂದು ಎಲ್ಲರೂ ಅವನ ಮೇಲೆ ಬಿದ್ದರು.

ಆ ಗದ್ದಲದಲ್ಲಿ ಹಿಂದಿನ ಬೆಂಚಿನಿಂದ ದಪ್ಪ ದನಿಯೊಂದು ಕೇಳಿಸಿತು. “ಅಲ್ರೋ, ಹೇಳಲೇಬೇಕು! ಆ ಗೆಳತಿ ಗತಿ ಏನು?”

ಚನ್ನವೀರಪ್ಪನವರು ಎದ್ದು ನಿಂತಿದ್ದರು.

“ನೀವಾಗಿದ್ರೆ ಆವತ್ತೇ ಹೇಳ್ತಿದ್ರಾ ಸಾರ್?” ಎಂದು ಮುಂದಿನ ಸಾಲಿನ ಹುಡುಗಿ ತಿರುಗಿ ಕೇಳಿದಳು.

“ನಾನಾ?” ಅವರು ಕನ್ನಡಕ ತೆಗೆದು ಒರೆಸಿದರು. “ನಾನು... ಮಾರನೇ ದಿನ ಹೇಳ್ತಿದ್ದೆ.”

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ಜವಾನ ಬಾಗಿಲು ಹಾಕಲು ಬಂದು ಕಾಯುತ್ತ ನಿಂತ. ಯಾರೂ ಮೇಲೇಳಲಿಲ್ಲ. ಕೊನೆಗೆ ಹೊರಟಾಗ ದಾರಿಯುದ್ದಕ್ಕೂ ಚನ್ನವೀರಪ್ಪನವರು ಮುಂದಿನ ಸಾಲಿನ ಆ ಹುಡುಗಿಯ ಜೊತೆ ವಾದ ಮಾಡುತ್ತಲೇ ನಡೆದರು. ಬಸ್‌ಸ್ಟ್ಯಾಂಡಿನ ಹತ್ತಿರ ಲೇಖಕಿಯ ಕಡೆ ತಿರುಗಿ, “ಪುಟ ಇರುವಷ್ಟೇ ಇರಲಿ ಬಿಡಮ್ಮ” ಎಂದರು.

ಪುಸ್ತಕ ಬಂತು. ಕೆಲವು ಶಾಲೆಯವರು ನೀತಿ ಇಲ್ಲವೆಂದು ಹಿಂದಕ್ಕೆ ಕಳಿಸಿದರು. ಕೆಲವು ಶಾಲೆಗಳಲ್ಲಿ ಅದು ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋಯಿತು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ನೇತ್ರಾ ಎಂಬ ಹುಡುಗಿ ರತ್ನಪ್ರಭಾಳ ಮನೆಗೆ ಬಂದಳು. ಪಕ್ಕದ ಊರಿನ ಶಾಲೆಯವಳು. ಲೇಖಕಿ ಅವಳನ್ನು ಎಂದೂ ನೋಡಿರಲಿಲ್ಲ. ಜಗಲಿಯಲ್ಲಿ ಕೂರಿಸಿದ ಮೇಲೂ ಹುಡುಗಿ ಸೈಕಲ್ಲಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದಳು.

“ನಿಮ್ಮ ಕತೇಲಿ ಅವಳು ಬಾಗಿಲು ತಟ್ಟಿದಳೋ ಇಲ್ವೋ ಗೊತ್ತಿಲ್ಲ ಮೇಡಂ” ಎಂದಳು ಕಡೆಗೆ. “ನಾನಂತೂ ತಟ್ಟಿದೆ.”

ಲೇಖಕಿ ಅವಳ ಮುಖ ನೋಡಿದಳು. ಅತ್ತು ಮುಗಿದ ಮುಖದಲ್ಲಿ ಬೆಳಕಿತ್ತು.

“ಆಮೇಲೆ?”

“ಎಲ್ಲಾ ಹೇಳಿದ ಮೇಲೆ ಹಸಿವಾಯ್ತು.”

ಇಬ್ಬರೂ ನಕ್ಕರು. ಲೇಖಕಿ ಒಳಗೆ ಹೋಗಿ ಒಗ್ಗರಣೆ ಹಾಕಿದ ಮಂಡಕ್ಕಿ ತಂದಳು. ಹುಡುಗಿ ತಟ್ಟೆ ಖಾಲಿ ಮಾಡಿ, ಓದಲು ಇನ್ನೊಂದು ಪುಸ್ತಕ ಕೇಳಿ ಪಡೆದುಕೊಂಡು, ಸೈಕಲ್ ಹತ್ತಿ ಹೋದಳು. ಮುಂದೆ ಅವಳು ಆ ಮನೆಗೆ ಬಂದು ಹೋಗುವುದು ರೂಢಿಯಾಯಿತು. ತನ್ನ ಗೆಳತಿಯರನ್ನೂ ಕರೆತಂದಳು. ಜಗಲಿಯಲ್ಲಿ ಜಾಗ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂರತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆ ನೇತ್ರಾ ಮಾಡಿದ ತಪ್ಪಾದರೂ ಏನು ಗುರುಗಳೇ? ಯಾರ ಮುಂದೆ ಹೇಳಿಕೊಂಡಳು?”

“ಲೇಖಕಿ ಅದನ್ನು ಕೇಳಲಿಲ್ಲ” ಎಂದರು ಗುರುಗಳು.

ಅಂದು ಸಂಜೆ ಶಿಷ್ಯ ವಿದ್ಯಾರ್ಥಿನಿಲಯದ ಮಕ್ಕಳ ನಡುವೆ ಹೋಗಿ ಕುಳಿತ, ಏನನ್ನೂ ವಿಚಾರಿಸಲಿಲ್ಲ.