ಕುಡುಗೋಲು ತಿರುವಿನ ಬಾಳೆಹಣ್ಣು

ಇದರಲ್ಲಿ ಪವಾಡ ಗಿವಾಡ ಏನೂ ಇಲ್ಲ. ಅದು ಬೇಕಾದವರು ಬೇರೆ ಮಠ ನೋಡಿಕೊಳ್ಳಬಹುದು.

ಘಟ್ಟದ ಬುಡದಲ್ಲಿ, ಹೊಳೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿದ್ದವರು ಸಿದ್ಧಮಲ್ಲ ಸ್ವಾಮಿಗಳು. ಆ ಸೀಮೆಯಲ್ಲಿ ಸ್ವಾಮಿಗಳನ್ನು ‘ಬುದ್ಧೀ’ ಅಂತ ಕರೆಯುತ್ತಾರೆ. ಈ ಬುದ್ಧಿಯವರು ಭಿಕ್ಷೆಗೆ ಊರೂರು ಸುತ್ತುತ್ತಿದ್ದದ್ದು ಒಂದು ಹಳೆಯ ಮೋಟಾರ್‌ಸೈಕಲ್ ಮೇಲೆ.

“ಕಾವಿ ಉಟ್ಟವರು ಹೆಲ್ಮೆಟ್ ಹಾಕೋದಾ?” ಅಂತ ದೊಡ್ಡ ಮಠದವರು ಒಮ್ಮೆ ತಕರಾರು ತೆಗೆದಿದ್ದರು.

“ಕಾವಿ ತಲೆ ಕಾಯಲ್ವಲ್ಲಪ್ಪ,” ಅಂದಿದ್ದರು ಇವರು. ಅಲ್ಲಿಗೆ ಆ ಮಾತು ಮುಗಿಯಿತು.

ಅವರ ಹತ್ತಿರ ಒಂದು ಬೆಳಿಗ್ಗೆ ದಾಕ್ಷಾಯಣಿ ಬಂದಳು. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ಮೊಣಕೈಗೆ ಪಟ್ಟಿ, ಮುಖದ ತುಂಬ ಸಿಟ್ಟು. ಬಂದದ್ದು ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಮೋಟಾರ್‌ಸೈಕಲ್ ಮೇಲೆ. ಎರಡು ಪಕ್ಕಕ್ಕೂ ಕಬ್ಬಿಣದ ಪೆಟ್ಟಿಗೆ, ಹಿಂದೆ ಎತ್ತರಕ್ಕೆ ಇನ್ನೊಂದು.

“ನಿನಗೆ ಗಾಡಿ ಬಿಡೋಕೆ ಬರುತ್ತಾ?” ಅಂತ ಕೇಳಿದರು ಸ್ವಾಮಿಗಳು.

“ಬರದೆ ಏನು ಬುದ್ಧೀ? ಕಾಲೇಜಿನಿಂದ ಬಿಡ್ತಿದ್ದೀನಿ. ಈ ಗಾಡೀನೇ ತಿರುವಿನಲ್ಲಿ ನಿಲ್ಲಲ್ಲ. ಕುಡುಗೋಲು ತಿರುವಿನಲ್ಲಿ ಎರಡು ಸಲ ಬಿದ್ದೆ.”

ಘಟ್ಟ ಹತ್ತುವಾಗ ಆ ತಿರುವು ಬಲಕ್ಕೆ. ಶುರುವಿನಲ್ಲಿ ಅಗಲ, ಒಳಗೆ ಹೋದ ಹಾಗೆ ಬಿಗಿ. ಎಡಕ್ಕೆ ಮೋಟುಗೋಡೆ, ಅದರಾಚೆ ಪ್ರಪಾತ.

“ಬಿದ್ದೋಳು ಎದ್ದಿದ್ದೀಯಲ್ಲ. ಮತ್ತೇನು?”

“ನಾನು ಎದ್ದೆ. ನಮ್ಮವ್ವ ಅನ್ನ ಬಿಟ್ಟಳು. ಗಾಡಿ ಮಾರೋವರೆಗೂ ತುತ್ತು ಮುಟ್ಟಲ್ಲ ಅಂತ ಬರೀ ಹಾಲು ಕುಡ್ಕೊಂಡು ಕೂತಿದ್ದಾಳೆ. ಅದಕ್ಕೆ ನಮ್ಮಣ್ಣ ಗುರುಮಲ್ಲನ ತಾಳ ಬೇರೆ. ಹೆಂಗಸಿಗೆ ಯಾಕೆ ಬೇಕು, ಗಾಡಿ ಬಿಟ್ಟುಬಿಡು ಅಂತಾನೆ. ಹುಣ್ಣಿಮೆ ದಿನ ಬೆಳಿಗ್ಗೆ ಅವ್ವನ್ನ ಕರ್ಕೊಂಡು ಆ ತಿರುವಿನಲ್ಲೇ ನಿಂತಿರ್ತಾನಂತೆ. ಅವಳ ಕಣ್ಣೆದುರು ನೆಟ್ಟಗೆ ಬಂದ್ರೆ ಸರಿ. ಇಲ್ಲದಿದ್ರೆ ಬೀಗದಕೈ ಅವನ ಕೈಗೆ. ಆಗಲಿ ಅಂತ ಅವ್ವನ ತಲೆ ಮುಟ್ಟಿ ಹೇಳಿಬಿಟ್ಟಿದ್ದೀನಿ.”

“ಬಿಟ್ಟುಬಿಡ್ತೀಯಾ ಹಾಗಾದ್ರೆ?”

“ಬಿಡಲ್ಲ! ನನ್ನ ದುಡಿಮೆ, ನನ್ನ ಗಾಡಿ. ಸತ್ತರೂ ಬಿಡಲ್ಲ.”

ಸ್ವಾಮಿಗಳು ನಕ್ಕರು. “ಅದೇ ಕಣವ್ವ ನಿನ್ನ ರೋಗ.”

ಅವಳಿಗೆ ಮೈಯೆಲ್ಲ ಉರಿಯಿತು. “ನೀವೂ ಅವರ ಕಡೇನಾ ಬುದ್ಧೀ?”

“ನಾನು ಗಾಡಿ ಕಡೆ,” ಅಂದು ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು.

ಬಿದ್ದ ಮೇಲೆ ಅವಳು ಮೆಕ್ಯಾನಿಕ್ ಹತ್ತಿರ ಹೋಗಿ ಏನೇನೋ ಹಾಕಿಸಿದ್ದಳು. ದಪ್ಪ ಟೈರು, ಬಿಗಿ ಸ್ಪ್ರಿಂಗು, ಹ್ಯಾಂಡಲ್ ಅಲುಗದ ಹಾಗೆ ಹಿಡಿಯುವ ಡ್ಯಾಂಪರು. ಚಕ್ರದಲ್ಲಿ ಗಾಳಿ ಕಲ್ಲಿನ ಹಾಗೆ ತುಂಬಿತ್ತು.

“ಇದೆಲ್ಲ ಯಾಕೆ?”

“ಗಾಡಿ ಅಲುಗಬಾರದು ಅಂತ.”

“ಅಲುಗಬಾರದು ಅಂದ್ರೆ ಗೂಟಕ್ಕೆ ಕಟ್ಟು.”

ಹಿಂದಿನ ಎತ್ತರದ ಪೆಟ್ಟಿಗೆ ಬಿಚ್ಚಿ, ಒಳಗಿನ ಸಾಮಾನಿನ ಸಮೇತ ಅವಳ ಬೆನ್ನಿಗೆ ಕಟ್ಟಿದರು. “ಅರಳಿಕಟ್ಟೆ ಸುತ್ತ ಓಡು.”

“ನಾನು ಬಂದಿದ್ದು ಹಮಾಲಿ ಮಾಡೋಕಲ್ಲ ಬುದ್ಧೀ.”

“ಓಡು ಅಂದ್ರೆ ಓಡು.”

ಓಡಿದಳು. ಕಟ್ಟೆ ತಿರುಗುವಾಗ ಬೆನ್ನ ಮೇಲಿನ ಭಾರ ಹೊರಕ್ಕೆ ಎಳೆಯಿತು. ತೂರಾಡಿಕೊಂಡು ಹೋಗಿ ತುಳಸಿ ಗಿಡಕ್ಕೆ ಡಿಕ್ಕಿ ಹೊಡೆದಳು.

“ಗಾಡಿಗೂ ಹಿಂಗೇ ಆಗಿದ್ದು. ಪಾಪ, ಅದಕ್ಕೆ ಬಾಯಿಲ್ಲ,” ಅಂದರು ಸ್ವಾಮಿಗಳು.

ಆಮೇಲೆ ಅವಳೇ ಸ್ಪ್ಯಾನರು ಹಿಡಿದಳು. ಭಾರದ ಸಾಮಾನೆಲ್ಲ ಪಕ್ಕದ ಪೆಟ್ಟಿಗೆಗಳ ತಳಕ್ಕೆ ಇಳಿಯಿತು, ಎರಡು ಕಡೆಗೂ ಸಮನಾಗಿ. ಹಳೆಯ ಟೈರು ವಾಪಸು ಬಂತು. ಸ್ಪ್ರಿಂಗಿನ ಬಿಗಿ ಇಳಿಯಿತು, ಡ್ಯಾಂಪರು ಕಳಚಿತು, ಗಾಳಿ ಗಾಡಿ ಮಾಡಿದವರು ಬರೆದಷ್ಟೇ ಉಳಿಯಿತು. ಎತ್ತರದ ಪೆಟ್ಟಿಗೆ ಮಠದ ಅಕ್ಕಿ ಡಬ್ಬವಾಯಿತು.

“ಗಾಡಿ ಸರಿಹೋಯ್ತು. ಇನ್ನು ಉಳಿದದ್ದು ನೀನು,” ಅಂದರು ಸ್ವಾಮಿಗಳು.

ಹ್ಯಾಂಡಲ್ಲಿನ ಎಡಗೈ ಹಿಡಿಯ ಮೇಲೆ ಮಾಗಿದ ಪುಟ್ಟಬಾಳೆ ಹಣ್ಣೊಂದನ್ನು ನೂಲಿನಲ್ಲಿ ಕಟ್ಟಿದರು. “ಬಲಗೈ ಬ್ರೇಕಿಗಿರಲಿ. ಎಡಗೈ ಇದರ ಮೇಲಿರಲಿ. ಹಣ್ಣು ಜಜ್ಜದ ಹಾಗೆ ಕಟ್ಟೆ ಸುತ್ತು.”

ಒಂದು ಸುತ್ತೂ ಮುಗಿದಿರಲಿಲ್ಲ, ಹಣ್ಣು ಪಚ್ಚೆಂದು ಬೆರಳ ಸಂದಿಯಿಂದ ಹೊರಗೆ ಬಂತು. ಇನ್ನೊಂದು ಕಟ್ಟಿದರು. ಅದೂ ಹಾಗೇ ಆಯಿತು.

ಜಜ್ಜಿದ್ದನ್ನು ಎಸೆಯುವ ಮಠ ಅಲ್ಲ ಅದು. ಅಡುಗೆಯವರು ಹಾಲು, ಬೆಲ್ಲ, ಏಲಕ್ಕಿ ಹಾಕಿ ದಾಸೋಹಕ್ಕೆ ರಸಾಯನ ಮಾಡಿದರು. ಮಾರನೆಯ ದಿನವೂ ರಸಾಯನ. ಅದರ ಮಾರನೆಯ ದಿನವೂ.

“ಏನ್ ಬುದ್ಧೀ, ದಿನಾ ಹಬ್ಬ?” ಅಂದರು ಊಟಕ್ಕೆ ಕೂತವರು.

“ಎಲ್ಲ ದಾಕ್ಷಾಯಣಿಯ ಕೃಪೆ,” ಅಂದರು ಸ್ವಾಮಿಗಳು.

ಎಲ್ಲರೂ ನಕ್ಕರು. ಅವಳು ಎಲೆ ಮುಂದಿನಿಂದ ಎದ್ದೇಬಿಟ್ಟಳು. “ಬಿಗಿಯಾಗಿ ಹಿಡೀದೆ ಇದ್ರೆ ಬೀಳ್ತೀನಿ ಬುದ್ಧೀ!”

“ಹಿಡಿದಾಗ ಬೀಳಲಿಲ್ವಾ?”

ಅವಳು ಮತ್ತೆ ಎಲೆ ಮುಂದೆ ಕೂತಳು. “ಮತ್ತೆ ಯಾವುದರಲ್ಲಿ ಹಿಡ್ಕೊಳ್ಳಲಿ?”

“ಮಂಡಿಯಲ್ಲಿ ಟ್ಯಾಂಕು ಅವಚಿಕೋ. ಕೈ ಸುಮ್ಮನೆ ಮೇಲಿರಲಿ. ವೇಗ ಇಳಿಸೋದೆಲ್ಲ ತಿರುವಿಗೆ ಮುಂಚೇನೇ ಇಳಿಸು. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಒಂದೇ ಸಮ ಇರಲಿ, ಗಾಬರಿಗೆ ಬ್ರೇಕ್ ಅದುಮಬೇಡ. ಅದಿರಲಿ, ಬೀಳೋವಾಗ ಏನು ನೋಡ್ತಿದ್ದೆ?”

“ಮೋಟುಗೋಡೆ. ಎಲ್ಲಿ ಹೊಡೀತೀನೋ ಅಂತ.”

“ನೋಡಿದ ಕಡೆಗೇ ಹೋದೆ. ಹೋಗಬೇಕಾದ ಕಡೆ ನೋಡೇ ತಾಯಿ.”

ಹುಣ್ಣಿಮೆ ಹತ್ತಿರ ಬಂತು. ಒಂದು ಮಧ್ಯಾಹ್ನ ದಾಕ್ಷಾಯಣಿ ಕಟ್ಟೆ ಸುತ್ತಿ ಬಂದು ಗಾಡಿ ನಿಲ್ಲಿಸಿದಳು. ಸ್ವಾಮಿಗಳು ಹಣ್ಣು ಬಿಚ್ಚಿ ತಿರುಗಿಸಿ ನೋಡಿದರು.

“ಇವತ್ತು ರಸಾಯನ ಇಲ್ಲ,” ಅಂತ ಅಡುಗೆಮನೆ ಕಡೆ ಕೂಗಿದರು.

ಹುಣ್ಣಿಮೆಯ ದಿನ ಅವರೇ ಹಣ್ಣು ಕಟ್ಟಿ, ತಮ್ಮ ಗಾಡಿಯಲ್ಲಿ ಮುಂದೆ ಹೋಗಿ ಕುಡುಗೋಲು ತಿರುವಿನ ಮೇಲ್ಗಡೆ ನಿಂತರು. ಅಲ್ಲಿ ಜೀಪಿನಲ್ಲಿ ದಾಕ್ಷಾಯಣಿಯ ಅವ್ವ ಕೂತಿದ್ದಳು, ತುಟಿ ಒಣಗಿ ಹೋಗಿತ್ತು. ಗುರುಮಲ್ಲ ಕೆಂಪು ಅಂಗಿ ಹಾಕಿಕೊಂಡು ಮೋಟುಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ.

ಕೆಳಗಿನಿಂದ ಸದ್ದು ಬಂತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ದಾಕ್ಷಾಯಣಿ ತಿರುವಿಗೆ ಮುಂಚೆ ವೇಗ ಇಳಿಸಿದಳು. ಅಣ್ಣನ ಕೆಂಪು ಅಂಗಿ ಕಣ್ಣಂಚಿನಲ್ಲಿ ಕಂಡಿತು. ನೋಡು ನೋಡು ಅಂತ ಎಳೆಯಿತು. ರಸ್ತೆ ಬಿಗಿಯಾಯಿತು. ಬೆರಳು ತಾವಾಗಿಯೇ ಮಡಚಿಕೊಳ್ಳಹೋದವು. ಅಂಗೈಗೆ ಹಣ್ಣು ಮೆತ್ತಗೆ ತಾಗಿತು.

ನೋಡಲ್ಲ, ಹೋಗೋ, ಅಂದುಕೊಂಡು ಬೆರಳು ಸಡಿಲಿಸಿದಳು. ಗದ್ದ ಬಲಕ್ಕೆ ತಿರುಗಿಸಿ ತಿರುವಿನ ಕೊನೆ ನೋಡಿದಳು. ಗಾಡಿ ವಾಲಿತು, ಅವಳು ನೋಡಿದ ಕಡೆಗೇ ನಡೆಯಿತು.

ಜೀಪಿನ ಹತ್ತಿರ ನಿಲ್ಲಿಸಿ, ನೂಲು ಬಿಚ್ಚಿ, ಹಣ್ಣು ಸುಲಿದು ಅವ್ವನ ಬಾಯಿಗೆ ಹಿಡಿದಳು. “ತಿನ್ನವ್ವ.”

“ಹಾಳಾದೋಳೇ, ಹೆದರಿಸೇ ಸಾಯಿಸ್ತೀಯ ನನ್ನ,” ಅಂತ ಅಳುತ್ತಲೇ ಅವ್ವ ತಿಂದಳು.

ಗುರುಮಲ್ಲ ಧುಮುಗುಟ್ಟಿಕೊಂಡು ಬಂದ. “ನೋಡಿದ್ರಾ ಬುದ್ಧೀ ಸೊಕ್ಕು? ಒಡಹುಟ್ಟಿದ ಅಣ್ಣ ನಿಂತಿದ್ದೀನಿ, ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ!”

“ನೋಡಿದ್ರೆ ನಿನ್ನ ಮೇಲೇ ಬರ್ತಿದ್ದಳು ಕಣಪ್ಪ.”

“ಒಂದು ಸಲ ಬಂದ್ರೆ ಆಯ್ತಾ? ನಾಳೆ ಏನಾದ್ರೂ ಆದ್ರೆ? ನಾವು ಹೇಳಿದ್ದು ಇವಳ ಕಿವಿಗೆ ಬೀಳಲ್ಲ. ನಿಮ್ಮ ಮಾತು ಮೀರಲ್ಲ. ಗಾಡಿ ಬಿಡು ಅಂತ ನೀವೇ ಒಂದು ಮಾತು ಹೇಳಿ ಬುದ್ಧೀ.”

ದಾಕ್ಷಾಯಣಿಯ ಮುಖ ಸಣ್ಣಗಾಯಿತು. ಗುರುವೇ ಹೇಳಿಬಿಟ್ಟರೆ ಏನು ಮಾಡುವುದು? ಬೀಗದಕೈ ಮುಷ್ಟಿಯಲ್ಲಿ ಬಿಗಿಯಾಯಿತು.

ಸ್ವಾಮಿಗಳು ಆ ಮುಷ್ಟಿ ನೋಡಿದರು. ಕಾವಿ ಮೇಲೆ ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಂಡು, ತಮ್ಮ ಗಾಡಿ ಹತ್ತಿದರು.

“ಆಗಲಿ ಗುರುಮಲ್ಲ, ಹೇಳ್ತೀನಿ,” ಅಂದು ಅವಳ ಕಡೆ ತಿರುಗಿದರು. “ದಾಕ್ಷಾಯಣಿ, ಮುಂದಿನ ತಿರುವು ಎಡಕ್ಕಿದೆ. ಗಾಡಿ ಬಿಡು.”