ಸಣ್ಣ ಒಲೆಯ ಚೈನೀಸ್ ಕೋಳಿ

ಹೊಳೆ ದಂಡೆಯ ಮನೆಯಲ್ಲಿ ಯಲ್ಲೋಜಿ ಎಂಬ ಮುದುಕನಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಚೈನೀಸ್ ಹೋಟೆಲೊಂದಿದ್ದ ಕಾಲಕ್ಕೆ ಅಲ್ಲಿನ ಬಾಣಲೆ ಅವನ ಕೈಯಲ್ಲಿತ್ತು. ಹೋಟೆಲು ಮುಚ್ಚಿತು. ಮುದುಕನ ಒಲೆ ಆರಲಿಲ್ಲ. ಕಲಿಯಲು ಬಂದವರಿಗೆ ಕಲಿಸುತ್ತಿದ್ದ.

ಒಂದು ಬೆಳಿಗ್ಗೆ ಪಾತ್ರೆ ಅಂಗಡಿಯ ಪುಂಡಲೀಕ ಬಂದ.

"ಕಾಕಾ, ನಿಮ್ಮ ಹೋಟೆಲಿನ ಚಿಕನ್ ಮನೆಯಲ್ಲಿ ಮಾಡೋದು ಕಲಿಸ್ರಿ. ಕ್ಯಾಪ್ಸಿಕಂ, ಈರುಳ್ಳಿ ಹಾಕಿ ಹುರಿದು ಪಾರ್ಸಲ್ ಕಟ್ಟಿ ಕೊಡ್ತಿದ್ರಲ್ಲ, ಅದು."

"ಯಾಕೆ ಸಾವ್ಕಾರ, ಪಾತ್ರೆ ಮಾರಿ ಸಾಕಾಯ್ತಾ?"

ಪುಂಡಲೀಕ ವಿಷಯ ಹೇಳಿದ. ಅವನಿಗೆ ಇಬ್ಬರು ಅಣ್ಣಂದಿರು. ತಂಗಿಯ ಮದುವೆ ಊಟದಲ್ಲಿ ಬಡಿಸುವವನು ಪಂಕ್ತಿಯ ತಪ್ಪು ತುದಿಯಿಂದ ಶುರು ಮಾಡಿದ. ಎರಡನೆಯವ ಶಂಕರೋಜಿಯ ಎಲೆಗೆ ಮೊದಲು ಬಿತ್ತು. ಹಿರಿಯ ಮಾನೋಜಿ ಎಲೆ ಬಿಟ್ಟು ಎದ್ದ. ಎದ್ದವನನ್ನು ತಮ್ಮ ಕೂರಿಸಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಬೀದಿ, ಒಂದೇ ನಲ್ಲಿ.

"ಹುಡುಗರಿದ್ದಾಗ ಆ ಪಾರ್ಸಲ್ಲನ್ನ ಮೂವರೂ ಒಂದೇ ಕಾಗದದಲ್ಲಿ ತಿಂದವರು. ಭಾನುವಾರ ಊಟಕ್ಕೆ ಕರೆದೆ. ಅದೇ ಚಿಕನ್ ಅಂದದ್ದಕ್ಕೆ ಇಬ್ಬರೂ ಹೂಂ ಅಂದರು. ಈ ಸಲ ತಪ್ಪಿದ್ರೆ ಇನ್ನು ಯಾರದಾದ್ರೂ ಹೆಣದ ಮುಂದೇ ಸೇರೋದು."

"ಮಾಡಿ ನೋಡಿದ್ಯಾ?"

"ನೋಡ್ದೆ. ನನ್ನ ಹೆಂಡ್ತಿ ಅದಕ್ಕೆ ಚೈನಾ ಸಾರು ಅಂತ ಹೆಸರಿಟ್ಟಾಳೆ."

ಮುದುಕ ನಕ್ಕ. "ನನ್ನ ಮುಂದೆ ಮಾಡು."

ಪುಂಡಲೀಕ ತಯಾರಾಗಿಯೇ ಬಂದಿದ್ದ. ಅಂಗಡಿಯ ಅತಿ ದೊಡ್ಡ ಬಾಣಲೆ ಹೊತ್ತು ತಂದಿದ್ದ. ಮೂಳೆ ತೆಗೆದ ಕೋಳಿಯನ್ನು ತೆಳ್ಳಗೆ ಕೊಯ್ದು ಸೋಯಾ ಸಾಸ್, ಮೊಟ್ಟೆಯ ಬಿಳಿ, ಕಾರ್ನ್ ಫ್ಲೋರ್ ಕಲಸಿಟ್ಟಿದ್ದ. ಒಲೆ ಹಚ್ಚಿದ, ಎಣ್ಣೆ ಕಾಯಿಸಿದ, ಅಷ್ಟೂ ಕೋಳಿಯನ್ನು ಒಂದೇ ಸಲಕ್ಕೆ ಸುರಿದ.

ಎಣ್ಣೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಕೋಳಿ ನೀರು ಬಿಟ್ಟಿತು. ಸಾರು ಮಾಡಿ ಪಳಗಿದ ಕೈ ಮುಚ್ಚಳ ಹುಡುಕಿತು.

"ಮುಚ್ಚು," ಎಂದ ಮುದುಕ. "ಅದರ ಮಾನವಾದ್ರೂ ಉಳೀಲಿ."

ಪುಂಡಲೀಕ ದನಿ ತಗ್ಗಿಸಿದ. ಅವನು ವ್ಯಾಪಾರಿ, ಒಳ್ಳೆಯ ಮಾಲನ್ನು ಯಾರೂ ಬಾಗಿಲಲ್ಲಿ ಇಡುವುದಿಲ್ಲ ಎಂದು ಬಲ್ಲವನು.

"ಕಾಕಾ, ಇದರಲ್ಲಿ ಏನೋ ಪುಡಿ ಇದೆ. ಹೇಳಿಬಿಡ್ರಿ, ನನ್ನ ಬಾಯಿಂದ ಹೊರಗೆ ಹೋಗಲ್ಲ."

"ನಿನ್ನ ಅಂಗಡಿಗೆ ಊರೆಲ್ಲ ಒಂದೇ ಸಲ ನುಗ್ಗಿದ್ರೆ ಏನಾಗ್ತದೆ?"

"ಏನಾಗೋದು? ಅವರು ಮುಟ್ಟಿದ್ದನ್ನ ಇವರು ಮುಟ್ಟಿ ಹೋಗ್ತಾರೆ. ಒಂದು ಲೋಟಾನೂ ಖರ್ಚಾಗಲ್ಲ."

"ಒಲೆಗೂ ಅಷ್ಟೇ. ನಾಳೆ ಬೇರೆ ಕೋಳಿ ತಗೊಂಡು ಬಾ."

ಮರುದಿನ ಮುದುಕ ತನ್ನ ಸಣ್ಣ ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವವರೆಗೆ ಕಾಯಿಸಿದ. ಎಣ್ಣೆ ಬಿಟ್ಟ. ಒಂದು ಹಿಡಿ ಕೋಳಿ ಮಾತ್ರ ಹರಡಿದ. ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಅಂಚು ಕೆಂಪಾದ ಮೇಲೆ ತಿರುವಿ, ಬೆಂದದ್ದನ್ನು ತೆಗೆದಿಟ್ಟ. ಅದೇ ಬಾಣಲೆಗೆ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಕ್ಯಾಪ್ಸಿಕಂ. ಮತ್ತೆ ಕೋಳಿ. ಸಾಸನ್ನು ಬಾಣಲೆಯ ಅಂಚಿಗೆ ಸುರಿದ. ಅದು ಚುರ್ರೆಂದು ಕೆಳಗಿಳಿಯಿತು. ಪುಂಡಲೀಕ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ತಟ್ಟೆಯಲ್ಲಿತ್ತು.

ಬಾಯಿಗಿಟ್ಟ. ಅದೇ ರುಚಿ. ಆದರೂ ಅವನ ಮುಖ ಸಣ್ಣದಾಯಿತು.

"ಇದು ಒಬ್ಬನ ತಟ್ಟೆ, ಕಾಕಾ."

"ಹೌದು. ಮನೆ ಒಲೆ ಸಣ್ಣದು. ಅದು ಒಲೆಗೆ ಗೊತ್ತು. ನಿನಗೆ ಗೊತ್ತಿರಲಿಲ್ಲ."

"ಹಂಗಾದ್ರೆ ನನ್ನ ಕೆಲಸ ಕೆಟ್ಟಿತು. ಇಬ್ಬರ ಎಲೆಗೂ ಒಂದೇ ಗಳಿಗೆಗೆ ಬೀಳ್ಬೇಕು ಅಂತಾನೇ ದೊಡ್ಡ ಬಾಣಲೆ ಹಿಡಿದದ್ದು."

"ಒಟ್ಟಿಗೇ ಮಾಡು, ಮತ್ತೆ ಚೈನಾ ಸಾರೇ ಆಗ್ತದೆ. ಇಬ್ಬರೂ ಒಟ್ಟಿಗೇ ಏಳ್ತಾರೆ."

"ಮೊದಲು ಮಾಡಿದ್ದನ್ನ ಎತ್ತಿಟ್ಟು, ಎರಡನೇದು ಆದಮೇಲೆ ಎರಡನ್ನೂ ಬಡಿಸಿದ್ರೆ?"

"ಒಬ್ಬನಿಗೆ ಬಿಸಿ, ಒಬ್ಬನಿಗೆ ಆರಿದ್ದು. ಆರಿದ್ದು ಯಾರಿಗೆ? ನೀನೇ ಹೇಳು."

ಪುಂಡಲೀಕ ಖಾಲಿ ತಟ್ಟೆ ಕೆಳಗಿಟ್ಟ.

"ಭಾನುವಾರ ಒಲೆ ಅಂಗಳದಲ್ಲಿಡು," ಎಂದ ಮುದುಕ. "ಎಲೆ ಹಾಕಬೇಡ. ನಾನೂ ಬರ್ತೀನಿ."

ಭಾನುವಾರ ಮಾನೋಜಿ ಕಟ್ಟೆಯ ಈ ತುದಿಗೆ ಕೂತ, ಶಂಕರೋಜಿ ಆ ತುದಿಗೆ. ಇಬ್ಬರೂ ಪುಂಡಲೀಕನ ಜೊತೆ ಮಾತಾಡಿದರು, ಮುದುಕನ ಜೊತೆ ಮಾತಾಡಿದರು, ಬಂದು ನಿಂತ ಬೀದಿ ನಾಯಿಯ ಜೊತೆಯೂ ಮಾತಾಡಿದರು.

ಬಾಣಲೆ ಹೊಗೆಯಾಡಿತು. ಮುದುಕ ಸೌಟನ್ನು ಮಾನೋಜಿಯ ಮುಂದೆ ಹಿಡಿದ.

"ತಗೋ ಮಾನೋಜಿ. ನನ್ನ ಭುಜ ಮಾತು ಕೇಳ್ತಾ ಇಲ್ಲ."

"ನಾನಾ? ನಾನು ಉಣ್ಣೋಕೆ ಬಂದವನು."

"ಬಾಣಲೆ ಕಾದದೆ. ವಾದ ಆಮೇಲೆ ಮಾಡು."

ಮಾನೋಜಿ ಎದ್ದ. ಪುಂಡಲೀಕನ ಕಣ್ಣು ಬಾಗಿಲಿಗೆ ಹೋಯಿತು. ಅಣ್ಣ ಎದ್ದರೆ ಬಾಗಿಲ ಕಡೆಗೇ ಹೋಗುವವನು. ಈ ಸಲ ಅವನು ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತ. ಮುದುಕ ಒಂದು ಹಿಡಿ ಕೋಳಿ ಹಾಕಿದ. ತಡಿ ಅಂದಾಗ ಮಾನೋಜಿ ತಡೆದ, ತಿರುವು ಅಂದಾಗ ತಿರುವಿದ. ಹಣೆಯ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ.

ತಟ್ಟೆ ತುಂಬಿತು. ಮುದುಕ ಅದನ್ನು ಶಂಕರೋಜಿಯ ಕೈಗೆ ಕೊಟ್ಟ.

ಶಂಕರೋಜಿ ಒಂದು ತುಂಡು ಬಾಯಿಗಿಟ್ಟ.

ಮಾನೋಜಿ ಬಾಣಲೆಯಿಂದ ಕಣ್ಣೆತ್ತದೆ ಕೇಳಿದ, "ಉಪ್ಪು ಸಾಕೇನೋ?"

ಶಂಕರೋಜಿ ಅಗಿಯುವುದನ್ನು ನಿಲ್ಲಿಸಿದ.

"ಸಾಕಣ್ಣ," ಎಂದ. ಆಮೇಲೆ, "ಖಾರ ಒಂಚೂರು ಕಮ್ಮಿ."

"ನಿನ್ನ ನಾಲಿಗೆಗೆ ಯಾವಾಗ್ಲೂ ಕಮ್ಮೀನೇ," ಎನ್ನುತ್ತ ಮಾನೋಜಿ ಮುಂದಿನ ಹಿಡಿಗೆ ಹಸಿಮೆಣಸಿನಕಾಯಿ ಸೀಳಿ ಹಾಕಿದ.

ತಟ್ಟೆಗಳು ಹೋಗುತ್ತಿದ್ದವು, ಹೆಂಗಸರಿಗೆ, ಮಕ್ಕಳಿಗೆ, ಇಣುಕಿದ ಪಕ್ಕದ ಮನೆಯವರಿಗೂ. ಹಿರಿಯ ಇನ್ನೂ ಉಂಡಿರಲಿಲ್ಲ. ಪುಂಡಲೀಕ ಮುದುಕನ ಕಿವಿಯ ಹತ್ತಿರ ಬಾಗಿದ.

"ಕಾಕಾ, ಅಣ್ಣನ ಸರದಿ ಈಗ ಎಲ್ಲರಿಗಿಂತ ಕೊನೆಗೆ ಬಂತು. ಅದು ಅವನಿಗೆ ಹೊಳೆದ್ರೆ?"

ಮುದುಕ ಒಲೆಯ ಕಡೆ ನೋಡಿದ.

"ಸೌಟು ಹಿಡಿದವನಿಗೆ ಸರದಿ ಎಲ್ಲಿ ಕಾಣ್ತದೆ? ಅವನು ಬೆಂಕಿ ನೋಡ್ಬೇಕಲ್ಲ."